ಎಚ್.ಪಿ. ಲವ್‌ಕ್ರಾಫ್ಟ್: ದೈವನಿರಾಕರಣೆ ಮತ್ತು ಭೀತಿಯ ಕಥನ

ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಧಾರ್ಮಿಕ ಭಿನ್ನಮತದಿಂದಲೇ ಹುಟ್ಟಿದ ನಗರ. ಮನುಷ್ಯರ ನಂಬಿಕೆಯ ಮೇಲೆ ಆಡಳಿತಕ್ಕೆ ಅಧಿಕಾರವಿಲ್ಲವೆಂದು ವಾದಿಸಿ ಮ್ಯಾಸಚೂಸೆಟ್ಸ್ ವಸಾಹತಿನಿಂದ ಬಹಿಷ್ಕೃತನಾದ ರೋಜರ್ ವಿಲಿಯಮ್ಸ್ 1636ರಲ್ಲಿ ಅದನ್ನು ಸ್ಥಾಪಿಸಿ, ದೈವಕೃಪೆ ಎಂಬ ಅರ್ಥದ ಹೆಸರನ್ನಿಟ್ಟನು. ಅದೇ ನಗರದಲ್ಲಿ 1890ರ ಆಗಸ್ಟ್ 20ರಂದು ಜನಿಸಿದ ಹೊವರ್ಡ್ ಫಿಲಿಪ್ಸ್ ಲವ್‌ಕ್ರಾಫ್ಟ್ ಆ ಕೃಪೆಯನ್ನೇ ಅಲ್ಲಗಳೆದು, ಭೀತಿಸಾಹಿತ್ಯಕ್ಕೆ ಹೊಸದೊಂದು ತಾತ್ತ್ವಿಕ ನೆಲೆಯನ್ನು ಒದಗಿಸಿದನು.

ತಾಯಿಯ ಮನೆತನ ಬ್ಯಾಪ್ಟಿಸ್ಟ್ ಪಂಥದ್ದು. ಬಾಲಕನನ್ನು ನಗರದ ಮೊದಲ ಬ್ಯಾಪ್ಟಿಸ್ಟ್ ಚರ್ಚಿನ ಭಾನುವಾರದ ಪಾಠಶಾಲೆಗೆ ಕಳುಹಿಸಲಾಯಿತು. ಸಾಂತಾಕ್ಲಾಸ್ ಕಲ್ಪಿತ ವ್ಯಕ್ತಿಯೆಂದು ತಿಳಿದ ಮೇಲೆ, ದೇವರೂ ಹಾಗೆಯೇ ಏಕಾಗಿರಬಾರದೆಂಬ ಸಂದೇಹ ಅವನಲ್ಲಿ ಮೂಡಿತು. ಗ್ರೀಕ್ ಪುರಾಣಗಳ ಓದಿನಿಂದ ಪ್ರಭಾವಿತನಾಗಿ ಪ್ಯಾನ್, ಅಪೊಲೊ, ಡಯಾನರಿಗೆ ಬಲಿಪೀಠಗಳನ್ನು ಕಟ್ಟಿದನು. ಕಾಡಿನಂಚಿನಲ್ಲಿ ವನದೇವತೆಗಳನ್ನು ಕಂಡೆನೆಂದೇ ನಂಬಿದನು. ಈ ಬಾಲ್ಯಾನುಭವ ಮುಂದೆ ಅವನ ವಾದಕ್ಕೆ ಆಧಾರವಾಯಿತು. ಭಕ್ತನಿಗಾಗುವ ಯೇಸುವಿನ ಅನುಭವಕ್ಕೂ ತನಗಾದ ವನದೇವತೆಗಳ ದರ್ಶನಕ್ಕೂ ಪ್ರಮಾಣದ ದೃಷ್ಟಿಯಿಂದ ಭೇದವಿಲ್ಲವೆಂದು ಅವನು ಪ್ರತಿಪಾದಿಸಿದನು. ಪಾಠಶಾಲೆಯಲ್ಲಿ ಅವನ ಪ್ರಶ್ನೆಗಳು ಹೆಚ್ಚಿದಂತೆ ಅಲ್ಲಿಗೆ ಹೋಗುವುದೂ ನಿಂತಿತು.

ಹದಿಮೂರರ ಹೊತ್ತಿಗೆ ಖಗೋಳವಿಜ್ಞಾನ ಅವನನ್ನು ಆವರಿಸಿತು. ನಕ್ಷತ್ರಲೋಕದ ಅಪಾರತೆಯ ಮುಂದೆ ಮನುಷ್ಯಕುಲದ ಕ್ಷುದ್ರತೆ ಅವನಿಗೆ ಮನವರಿಕೆಯಾಯಿತು. ಅರ್ನ್ಸ್ಟ್ ಹೆಕಲ್ ಹಾಗೂ ಹ್ಯೂ ಎಲಿಯಟ್‌ರ ಬರೆಹಗಳು ಅವನ ಭೌತವಾದವನ್ನು ದೃಢಗೊಳಿಸಿದವು. ತಂದೆ 1898ರಲ್ಲಿಯೂ ತಾಯಿ 1921ರಲ್ಲಿಯೂ ಒಂದೇ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ಈ ಆಘಾತಗಳ ನಡುವೆಯೂ ಅವನು ಧರ್ಮದ ಸಾಂತ್ವನವನ್ನು ಅರಸಲಿಲ್ಲ. 1922ರಲ್ಲಿ ಪ್ರಕಟವಾದ ‘ಎ ಕನ್ಫೆಷನ್ ಆಫ್ ಅನ್‌ಫೇತ್’ ಎಂಬ ಪ್ರಬಂಧದಲ್ಲಿ ತನ್ನ ಅವಿಶ್ವಾಸದ ಬೆಳವಣಿಗೆಯನ್ನು ದಾಖಲಿಸಿದನು. ಕ್ರೈಸ್ತ ಶ್ರದ್ಧಾಳುವಾಗಿದ್ದ ಮಿತ್ರ ಮಾರಿಸ್ ಮೋ ಜೊತೆ ಪತ್ರಗಳಲ್ಲಿ ದೀರ್ಘವಾಗಿ ವಾದಿಸಿದನು. ವಿವೇಚನೆ ಬಲಿಯುವ ಮುನ್ನವೇ ಮಕ್ಕಳ ಮನಸ್ಸಿನಲ್ಲಿ ಮತತತ್ತ್ವಗಳನ್ನು ಬಿತ್ತುವುದರಿಂದಲೇ ಧರ್ಮ ಉಳಿದಿದೆಯೆಂಬುದು ಅವನ ಪ್ರಮುಖ ಆಕ್ಷೇಪವಾಗಿತ್ತು. ಆದರೂ ಪರಂಪರೆಯ ಸೊಬಗಿಗೆ ಅವನು ಒಲಿದಿದ್ದನು. 1924ರಲ್ಲಿ ಅವನ ವಿವಾಹ ನೆರವೇರಿದ್ದು ನ್ಯೂಯಾರ್ಕಿನ ಸೇಂಟ್ ಪಾಲ್ಸ್ ಚಾಪೆಲ್‌ನಲ್ಲಿ.

ಈ ನಿರಾಕರಣೆಯು ಅವನ ಕಥನದ ಸ್ವರೂಪವನ್ನೇ ನಿರ್ಧರಿಸಿತು. ಪಾಶ್ಚಾತ್ಯ ಭೀತಿಕಥೆಗಳಲ್ಲಿ ಸೈತಾನ, ಪಾಪ, ಶಿಲುಬೆಗಳಿಗೆ ದೊಡ್ಡ ಪಾತ್ರವಿತ್ತು. ಅಲ್ಲಿ ಕೆಡುಕಿದ್ದಲ್ಲಿ ರಕ್ಷಣೆಯೂ ಇರುತ್ತಿತ್ತು. 1928ರಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ‘ದಿ ಕಾಲ್ ಆಫ್ ಕ್ಥುಲ್ಹು’ವಿನಲ್ಲಿ ಅಂತಹ ಆಸರೆಯಿಲ್ಲ. ಅಲ್ಲಿಯ ಅನ್ಯಲೋಕದ ಜೀವಿಗೆ ಮನುಷ್ಯನ ಮೇಲೆ ದ್ವೇಷವೂ ಇಲ್ಲ, ಕರುಣೆಯೂ ಇಲ್ಲ. ‘ದಿ ಹಾಂಟರ್ ಆಫ್ ದಿ ಡಾರ್ಕ್’ (1936) ಕಥೆಯಲ್ಲಿ ಪಾಳುಬಿದ್ದ ಚರ್ಚೇ ಭೀತಿಯ ನೆಲೆಯಾಗಿದೆ.

ಆದರೆ ಲವ್‌ಕ್ರಾಫ್ಟನ ವಿಚಾರವಾದಕ್ಕೆ ಗಂಭೀರವಾದ ಮಿತಿಯೊಂದಿತ್ತು. ಚರ್ಚಿನ ಅಧಿಕಾರವನ್ನು ಪ್ರಶ್ನಿಸಿದ ಅವನು ತನ್ನ ವರ್ಗ ಮತ್ತು ಜನಾಂಗದ ಶ್ರೇಷ್ಠತೆಯ ಕಲ್ಪನೆಯನ್ನು ಪ್ರಶ್ನಿಸಲಿಲ್ಲ. ಅದಕ್ಕೆ ವಿಜ್ಞಾನದ ಬೆಂಬಲವಿದೆಯೆಂದೂ ಭಾವಿಸಿದನು. ವಲಸಿಗರ ಬಗೆಗಿನ ಅಸಹನೆ ‘ದಿ ಹಾರರ್ ಅಟ್ ರೆಡ್ ಹುಕ್’ ಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಕಾಣಿಸುತ್ತದೆ. ಒಂದು ಮೂಢನಂಬಿಕೆಯಿಂದ ಬಿಡುಗಡೆ ಪಡೆದ ಮನಸ್ಸು ಎಲ್ಲ ಪೂರ್ವಗ್ರಹಗಳಿಂದಲೂ ಬಿಡುಗಡೆ ಪಡೆಯುವುದಿಲ್ಲವೆಂಬುದಕ್ಕೆ ಅವನ ಬದುಕು ನಿದರ್ಶನವಾಗಿದೆ.

1937ರ ಮಾರ್ಚ್ 15ರಂದು, ನಲವತ್ತಾರನೆಯ ವಯಸ್ಸಿನಲ್ಲಿ, ಕರುಳಿನ ಕ್ಯಾನ್ಸರಿನಿಂದ ಅವನು ಪ್ರಾವಿಡೆನ್ಸಿನಲ್ಲಿಯೇ ನಿಧನನಾದನು. ಮರಣಾನಂತರ ಅವನ ಕೃತಿಗಳನ್ನು ಪ್ರಕಟಿಸಿ ಉಳಿಸಿದ ಆಗಸ್ಟ್ ಡರ್ಲೆತ್, ಆ ಕಥಾಲೋಕವನ್ನು ಒಳಿತು-ಕೆಡುಕುಗಳ ಕದನವೆಂದು ವ್ಯಾಖ್ಯಾನಿಸಿ ಕ್ರೈಸ್ತ ಪುರಾಣಕಲ್ಪನೆಗೆ ಹತ್ತಿರ ತಂದನು. ಲೇಖಕನು ತ್ಯಜಿಸಿದ್ದ ನಂಬಿಕೆ ಹೀಗೆ ವ್ಯಾಖ್ಯಾನದ ಮೂಲಕ ಮರಳಿ ಬಂದಿತು. 1970ರ ದಶಕದಿಂದ ವಿಮರ್ಶಕರು ಈ ಓದನ್ನು ತಿರಸ್ಕರಿಸುತ್ತ ಬಂದರು. ಪುಣೆಯಲ್ಲಿ ಜನಿಸಿದ ಎಸ್.ಟಿ. ಜೋಶಿ ಅವರು 2010ರಲ್ಲಿ ಅವನ ಧರ್ಮವಿಮರ್ಶೆಯ ಬರೆಹಗಳನ್ನು ‘ಅಗೇನ್ಸ್ಟ್ ರಿಲಿಜನ್’ ಎಂಬ ಸಂಪುಟವಾಗಿ ಸಂಪಾದಿಸಿದ್ದರಿಂದ, ಕಥೆಗಾರನನ್ನೂ ಚಿಂತಕನನ್ನೂ ಒಟ್ಟಿಗೆ ಓದುವುದು ಸುಲಭವಾಯಿತು.