ಡೂಪ್ಲೆಯ ತೀರದ ಲೆಕ್ಕ

ಚೆನ್ನೈಯಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಸೇಂಟ್ ಜಾರ್ಜ್ ಕೋಟೆಯನ್ನು ಆಂಗ್ಲರ ಹೆಸರಿನೊಡನೆಯೇ ನೆನೆಯುತ್ತೇವೆ. ಆದರೆ 1746ರಿಂದ 1749ರವರೆಗೆ ಅದು ಫ್ರೆಂಚರ ವಶದಲ್ಲಿತ್ತು. ಅದನ್ನು ಕೈಬಿಡಲೊಲ್ಲದೆ ಹೆಣಗಿದವನು ಪುದುಚೇರಿಯ ಗವರ್ನರ್ ಜೋಸೆಫ್ ಫ್ರಾಂಸ್ವಾ ಡೂಪ್ಲೆ.

1697ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಈತ ಮೂಲತಃ ಯೋಧನಲ್ಲ, ವರ್ತಕ. 1722ರಲ್ಲಿ ಪುದುಚೇರಿಗೆ ಬಂದನು. 1731ರಿಂದ ಬಂಗಾಳದ ಚಂದ್ರನಗರದ ಕೋಠಿಯನ್ನು ನಡೆಸುತ್ತ ಸ್ವಂತ ವ್ಯಾಪಾರದಲ್ಲಿಯೂ ಹೇರಳವಾಗಿ ಗಳಿಸಿದನು. 1742ರಲ್ಲಿ ಪುದುಚೇರಿಯ ಅಧಿಕಾರ ವಹಿಸಿಕೊಂಡನು. ಅವನ ದುಬಾಷಿ ಆನಂದರಂಗ ಪಿಳ್ಳೆಯು ತಮಿಳಿನಲ್ಲಿ ಬರೆದಿಟ್ಟ ದಿನಚರಿ ಆ ಕಾಲಕ್ಕೆ ಹಿಡಿದ ಕನ್ನಡಿ.

1746ರಲ್ಲಿ ಫ್ರೆಂಚ್ ನೌಕಾಪಡೆ ಮದರಾಸನ್ನು ಹಿಡಿಯಿತು. ಅದನ್ನು ಬಿಡಿಸಲು ಬಂದ ಆರ್ಕಾಟಿನ ನವಾಬನ ಸುಮಾರು 10,000 ಜನರ ಸೈನ್ಯವನ್ನು, ಸಾವಿರಕ್ಕೂ ಕಡಮೆಯಿದ್ದ ಫ್ರೆಂಚ್ ಪಡೆ ಅಡಯಾರು ನದಿಯ ಬಳಿ ಸೋಲಿಸಿತು. ಡೂಪ್ಲೆಗೆ ದಾರಿ ಹೊಳೆಯಿತು. ಗದ್ದುಗೆಯ ಜಗಳದಲ್ಲಿ ಒಂದು ಪಕ್ಷಕ್ಕೆ ಕವಾಯತು ಕಲಿತ ಪಡೆಯನ್ನು ಒದಗಿಸುವುದು, ಪ್ರತಿಫಲವಾಗಿ ಕಂದಾಯದ ಸೀಮೆಯನ್ನು ಪಡೆಯುವುದು. ಒಪ್ಪಂದದಂತೆ ಮದರಾಸು 1749ರಲ್ಲಿ ಆಂಗ್ಲರಿಗೆ ಮರಳಿದರೂ, ಅದೇ ವರ್ಷ ಅಂಬೂರಿನ ಕಾಳಗದಿಂದ ಡೂಪ್ಲೆಯ ಕಡೆಯ ಚಂದಾ ಸಾಹೇಬ ಆರ್ಕಾಟಿನ ನವಾಬನಾದನು.

ಆಂಗ್ಲರು ಸುಮ್ಮನಿರಲಿಲ್ಲ, ತಿರುಚಿನಾಪಳ್ಳಿಯಲ್ಲಿದ್ದ ಮಹಮ್ಮದಾಲಿಯನ್ನು ಎತ್ತಿಹಿಡಿದರು. ಆ ಊರನ್ನು ಕೊಡುವನೆಂಬ ಮಾತನ್ನು ನಂಬಿ ನಮ್ಮ ಮೈಸೂರಿನ ನಂಜರಾಜಯ್ಯನೂ ಅವನ ನೆರವಿಗೆ ಸೈನ್ಯದೊಡನೆ ಹೋದನು. 1751ರಲ್ಲಿ ಕ್ಲೈವ್ ಆರ್ಕಾಟನ್ನು ಹಿಡಿದನು. ಮರುವರ್ಷ ಚಂದಾ ಸಾಹೇಬ ಹತನಾದನು. ಮಹಮ್ಮದಾಲಿ ಮಾತಿಗೆ ತಪ್ಪಿದನು. ರೋಸಿದ ನಂಜರಾಜಯ್ಯ ಫ್ರೆಂಚರನ್ನು ಕೂಡಿಕೊಂಡರೂ ಊರು ದಕ್ಕಲಿಲ್ಲ. ಮೈಸೂರಿನ ಬೊಕ್ಕಸ ಮಾತ್ರ ಬರಿದಾಯಿತು.

ಡೂಪ್ಲೆಯೂ ಕಂಪೆನಿಯ ಯುದ್ಧಕ್ಕೆ ಸ್ವಂತ ಹಣ ಸುರಿದಿದ್ದನು. ಪ್ಯಾರಿಸಿನ ಒಡೆಯರಿಗೆ ಬೇಕಾದದ್ದು ಲಾಭ, ಯುದ್ಧವಲ್ಲ. 1754ರಲ್ಲಿ ಗೊಡೆಹ್ಯೂ ಎಂಬಾತನನ್ನು ಕಳುಹಿಸಿ ಇವನನ್ನು ಹಿಂದಕ್ಕೆ ಕರೆಸಿಕೊಂಡರು. ಕೊಟ್ಟ ಹಣಕ್ಕಾಗಿ ಅಲ್ಲಿ ವರ್ಷಗಟ್ಟಲೆ ಕಾದಾಡಿದರೂ ಫಲವಾಗಲಿಲ್ಲ. 1763ರ ನವೆಂಬರ್ 10ರಂದು ಬಡತನದಲ್ಲಿ ತೀರಿಕೊಂಡನು. ಅವನು ತೋರಿದ ದಾರಿಯಲ್ಲೇ ಆಂಗ್ಲರು ನಡೆದು ರಾಜ್ಯ ಕಟ್ಟಿದರು.

ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆಯುವ ನಮಗೆ ಅವನ ತೀರದ ಬಾಕಿಯನ್ನು ಕಂಡು ಮರುಕವಾಗುವುದು ಸಹಜ. ಆದರೆ ಆ ಯುದ್ಧಗಳಿಗೆ ಕಂದಾಯ ತೆತ್ತ ರೈತನ ಬಾಕಿ ಯಾವ ಕಂಪೆನಿಯ ಪುಸ್ತಕದಲ್ಲಿಯೂ ಏರಲಿಲ್ಲ. ರಾಜ್ಯೋತ್ಸವದ ತಿಂಗಳಲ್ಲೇ ಬರುವ ಡೂಪ್ಲೆಯ ಮರಣದಿನದಂದು ನಾವು ಮೊದಲು ನೆನೆಯಬೇಕಾದುದು ಆ ರೈತನ ಲೆಕ್ಕವನ್ನು.