ಕ್ರಿಶ್ಚಿಯಾನ್ ಐಕ್ಮನ್ನನೂ ಬಟೇವಿಯದ ಕೋಳಿಗಳೂ

ಕಳೆದ ಬೇಸಿಗೆಯ ರಜೆಯಲ್ಲಿ ನಾವು ಕರಾವಳಿಯ ನಮ್ಮ ಊರಿಗೆ ಹೋದಾಗ ಹಿತ್ತಿಲ ಕೋಳಿಗಳ ಸ್ಥಿತಿ ಶೋಚನೀಯವಾಗಿದ್ದಿತು. ಕೀರಿಯ ಕಾಟ ಹೆಚ್ಚಿದುದರಿಂದ ನಮ್ಮ ತಾಯಿಯವರು ಅವುಗಳನ್ನು ಹೊರಗೆ ಬಿಡದೆ ಗೂಡಿನಲ್ಲಿಯೇ ಕೂಡಿಹಾಕಿ, ಅಂಗಡಿಯಿಂದ ತಂದ ಬಿಳಿಯ ಅಕ್ಕಿಯನ್ನೇ ಎರಡು ಹೊತ್ತೂ ಹಾಕುತ್ತಿದ್ದರು. ತಿಂಗಳೊಂದು ಕಳೆಯುವಷ್ಟರಲ್ಲಿ ಮೂರು ಹೇಂಟೆಗಳ ಕಾಲುಗಳು ಸೋತುಹೋದವು. ಅವುಗಳಲ್ಲೊಂದು ಏಳಲಾರದೆ ಕುಳಿತು, ಕತ್ತನ್ನು ಬೆನ್ನಿನ ಕಡೆಗೆ ಸೆಳೆದುಕೊಂಡು, ಆಕಾಶವನ್ನೇ ದಿಟ್ಟಿಸುತ್ತಿದ್ದಿತು. ನೆರೆಮನೆಯ ಅಜ್ಜಿಯವರು ರೆಕ್ಕೆಯ ಅಡಿಯನ್ನು ಬಿಡಿಸಿ ಹೇನುಗಳನ್ನು ತೋರಿಸಿದರು. ಹೇನು ಇದ್ದುದು ನಿಜ. ನಾವು ಗೂಡನ್ನು ತೊಳೆದು ಸುಣ್ಣ ಬಳಿದೆವು. ಕೋಳಿಗಳು ಹೊರಳಾಡಲೆಂದು ಬೂದಿಯನ್ನೂ ಒಣಮಣ್ಣನ್ನೂ ಬೆರೆಸಿ ಹಾಕಿದೆವು. ಹೇನು ಕಡಿಮೆಯಾಯಿತು, ಕಾಲುಗಳಿಗೆ ಮಾತ್ರ ಬಲ ಬರಲಿಲ್ಲ. ಕಡೆಗೆ ಬಂದ ಪಶುವೈದ್ಯರು ಹೇನಿನ ವಿಚಾರವನ್ನು ಎತ್ತಲೇ ಇಲ್ಲ. ಈ ಕೋಳಿಗಳು ದಿನವೂ ತಿನ್ನುವುದೇನೆಂದು ಕೇಳಿದರು. ಕೇಳಿ, ಬಿ ಜೀವಸತ್ತ್ವದ ಕೆಲವು ಹನಿಗಳನ್ನು ಕೊಕ್ಕಿನಲ್ಲಿ ಬಿಟ್ಟು, ಆಹಾರಕ್ಕೆ ತವುಡನ್ನು ಸೇರಿಸಬೇಕೆಂದು ತಿಳಿಸಿ ಹೊರಟರು. ಎರಡು ಹೇಂಟೆಗಳು ಮರುದಿನವೇ ಎದ್ದು ನಿಂತವು. ಆಕಾಶವನ್ನು ನೋಡುತ್ತಿದ್ದುದು ಉಳಿಯಲಿಲ್ಲ.

ವೈದ್ಯರ ಆ ಸಾಮಾನ್ಯ ಪ್ರಶ್ನೆಯ ಹಿಂದೆ ಒಬ್ಬ ಮಹನೀಯನ ಬಾಳಿನ ಬಹುಭಾಗವಿದೆಯೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಲಾರದು. ಅವನ ಹೆಸರು ಕ್ರಿಶ್ಚಿಯಾನ್ ಐಕ್ಮನ್. ಹಾಲೆಂಡ್ ದೇಶದ ನೈಕರ್ಕ್ ಎಂಬ ಊರಿನಲ್ಲಿ 1858ನೆಯ ಇಸವಿ ಆಗಸ್ಟ್ 11ರಂದು ಅವನು ಹುಟ್ಟಿದನು. ತಂದೆ ಶಾಲೆಯ ಮುಖ್ಯೋಪಾಧ್ಯಾಯ. ಆತನ ಮಕ್ಕಳಲ್ಲಿ ಇವನು ಏಳನೆಯವನು. ಮರುವರ್ಷವೇ ತಂದೆಗೆ ಗಾಳಿಗಿರಣಿಗಳಿಗೆ ಹೆಸರಾದ ಜಾನ್‌ಡಾಮ್ ಪಟ್ಟಣದ ಹೊಸ ಶಾಲೆಯಲ್ಲಿ ಕೆಲಸ ದೊರೆತುದರಿಂದ ಸಂಸಾರವೆಲ್ಲ ಅಲ್ಲಿಗೆ ಹೋಯಿತು. ಉಪಾಧ್ಯಾಯರ ಮನೆಗಳಲ್ಲಿ ಹಣವಿರುವುದು ಅಪರೂಪ, ಪುಸ್ತಕಕ್ಕೆ ಬರವಿರುವುದೂ ಅಪರೂಪ. ಇದನ್ನು ನಾವು ಸ್ವಾನುಭವದಿಂದಲೇ ಹೇಳಬಲ್ಲೆವು. ಹುಡುಗನು 1875ರಲ್ಲಿ ಆಮ್‌ಸ್ಟರ್‌ಡಾಮಿನ ಸೈನಿಕ ವೈದ್ಯಶಾಲೆಯನ್ನು ಸೇರಿ, ಪೂರ್ವದ್ವೀಪಗಳ ಡಚ್ ಸೈನ್ಯಕ್ಕೆ ವೈದ್ಯಾಧಿಕಾರಿಯಾಗಲು ಬೇಕಾದ ಶಿಕ್ಷಣವನ್ನು ಪಡೆದನು. 1883ರಲ್ಲಿ ನರಗಳನ್ನು ಕುರಿತ ಪ್ರಬಂಧಕ್ಕಾಗಿ ಗೌರವಪೂರ್ವಕವಾಗಿ ಡಾಕ್ಟರ್ ಪದವಿ ದೊರೆಯಿತು. ಅದೇ ವರ್ಷ ವಿವಾಹ, ಅದೇ ವರ್ಷ ಜಾವಾದ್ವೀಪಕ್ಕೆ ಪ್ರಯಾಣ.

ಆ ಮೊದಲ ಪ್ರವಾಸವು ಅವನಿಗೆ ಸುಖವನ್ನು ತರಲಿಲ್ಲ. ಜಾವಾದ ಚಿಲಾಚಾಪ್ ಎಂಬ ಊರಿನಲ್ಲಿ ಮಲೇರಿಯಾ ಹಿಡಿಯಿತು. 1885ರಲ್ಲಿ ರೋಗಿಯಾಗಿ ಯುರೋಪಿಗೆ ಹಿಂದಿರುಗಿದನು. 1886ರಲ್ಲಿ ಪತ್ನಿ ತೀರಿಕೊಂಡಳು. ಇಪ್ಪತ್ತೆಂಟು ವರ್ಷದ ಪ್ರಾಯದಲ್ಲಿ ಆರೋಗ್ಯವೂ ಸಂಸಾರವೂ ಕೈಬಿಟ್ಟು ಹೋಗಿದ್ದವು. ಹೀಗಿದ್ದೂ ಅವನು ಸುಮ್ಮನೆ ಕೂರದೆ, ಬರ್ಲಿನ್ ನಗರದಲ್ಲಿ ರಾಬರ್ಟ್ ಕಾಖ್ ಮಹಾಶಯನ ಪ್ರಯೋಗಶಾಲೆಗೆ ಹೋಗಿ ರೋಗಾಣುಗಳ ಶಾಸ್ತ್ರವನ್ನು ಕಲಿಯತೊಡಗಿದನು. ಕ್ಷಯದ ರೋಗಾಣುವನ್ನು ಕಾಖ್‌ನು 1882ರಲ್ಲಿ ತೋರಿಸಿಕೊಟ್ಟಿದ್ದನು. ಯಾವ ರೋಗವೇ ಆಗಲಿ, ಅದಕ್ಕೊಂದು ಕ್ರಿಮಿಯಿರಲೇಬೇಕೆಂದು ವಿದ್ವಾಂಸರು ನಂಬಿದ್ದ ಕಾಲವದು. ಐಕ್ಮನ್ನನೂ ಹಾಗೆಯೇ ನಂಬಿದ್ದನು.

ಇತ್ತ ಡಚ್ಚರ ದ್ವೀಪಗಳಲ್ಲಿ ಬೆರಿಬೆರಿ ಎಂಬ ಬೇನೆ ಸೈನಿಕರನ್ನೂ ಸೆರೆಯಾಳುಗಳನ್ನೂ ಗುಂಪುಗುಂಪಾಗಿ ಕೊಲ್ಲುತ್ತಿದ್ದಿತು. ಮೊದಲು ಕಾಲುಗಳು ಭಾರವಾಗುವುವು. ಬಳಿಕ ಸ್ಪರ್ಶಜ್ಞಾನ ತಪ್ಪುವುದು. ಕೆಲವರ ಮೈ ಸೊರಗಿದರೆ ಕೆಲವರದು ಊದಿಕೊಳ್ಳುವುದು. ಕಡೆಗೆ ಹೃದಯ ಸೋತು ಮರಣ. ಇದರ ಮೂಲವನ್ನು ಹುಡುಕಲು ಡಚ್ ಸರಕಾರವು 1886ರಲ್ಲಿ ಪೇಕೆಲ್‌ಹಾರಿಂಗ್, ವಿಂಕ್ಲರ್ ಎಂಬಿಬ್ಬರು ಪಂಡಿತರನ್ನು ಕಳುಹಿಸಿತು. ಬರ್ಲಿನ್ನಿನಲ್ಲಿ ಅವರ ಪರಿಚಯವಾಗಿದ್ದ ಐಕ್ಮನ್ನನು ಸಹಾಯಕನಾಗಿ ಹೊರಟನು. ಪಂಡಿತರು ಯಾವುದೋ ರೋಗಾಣುವನ್ನು ಸಂಶಯಿಸಿ 1887ರಲ್ಲಿ ಮರಳಿ ಹೋದರು. ಬಟೇವಿಯದ, ಎಂದರೆ ಇಂದಿನ ಜಕಾರ್ತದ, ಸೈನಿಕ ಆಸ್ಪತ್ರೆಯಲ್ಲಿದ್ದ ಚಿಕ್ಕ ಪ್ರಯೋಗಶಾಲೆಯು ಖಾಯಮ್ಮಾಯಿತು. 1888ರ ಜನವರಿ 15ರಂದು ಐಕ್ಮನ್ನನು ಅದರ ನಿರ್ದೇಶಕನಾದನು. ಜಾವಾದ ತರುಣರನ್ನು ವೈದ್ಯರನ್ನಾಗಿ ಮಾಡುವ ಶಾಲೆಯ ಆಡಳಿತವೂ ಅವನ ಪಾಲಿಗೆ ಬಂದಿತು. ಅದೇ ವರ್ಷ ಎರಡನೆಯ ವಿವಾಹವಾಗಿ, ಮುಂದೆ ಒಬ್ಬ ಮಗನು ಹುಟ್ಟಿದನು.

ರೋಗಿಗಳ ರಕ್ತದಲ್ಲಿರುವುದೆಂದು ಊಹಿಸಿದ ರೋಗಾಣುವನ್ನು ಪ್ರಾಣಿಗಳಿಗೆ ಚುಚ್ಚಿ, ಅವಕ್ಕೂ ಬೆರಿಬೆರಿ ತಗಲುವುದೇ ಎಂದು ಪರೀಕ್ಷಿಸುವುದು ಅವನ ಉದ್ದೇಶವಾಗಿದ್ದಿತು. ಅಗ್ಗವಾಗಿ ದೊರೆಯುವ ಕೋಳಿಗಳನ್ನು ತರಿಸಿದನು. ಕೆಲವು ಕಾಲದ ಮೇಲೆ ಕೋಳಿಗಳು ನಿಜವಾಗಿಯೂ ಕಾಯಿಲೆ ಬಿದ್ದವು. ಮೊದಲು ತಡವರಿಸುವ ನಡಿಗೆ; ಅಡ್ಡಕೋಲಿನ ಮೇಲೆ ನಿಲ್ಲಲಾರದೆ ಬೀಳುವುದು; ಆಮೇಲೆ ರೆಕ್ಕೆಗಳೂ ಕತ್ತೂ ಸೋಲುವುದು; ಜುಟ್ಟು ನೀಲಿಯಾಗಿ, ಉಸಿರು ನಿಧಾನವಾಗಿ, ಸಾಯುವುದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಲಿನ ನರಗಳು ಬೆರಿಬೆರಿಯಿಂದ ಸತ್ತ ಮನುಷ್ಯರ ನರಗಳಂತೆಯೇ ಕೆಟ್ಟಿದ್ದವು. ಸಂತೋಷಪಡಬೇಕಾದ ಗಳಿಗೆ! ಆದರೆ ಒಂದು ತೊಡಕು ಕಂಡಿತು. ಚುಚ್ಚಿದ ಕೋಳಿಗಳಂತೆಯೇ, ಏನನ್ನೂ ಚುಚ್ಚದೆ ಬೇರೆಯಾಗಿ ಇರಿಸಿದ್ದ ಕೋಳಿಗಳೂ ಕುಂಟುತ್ತಿದ್ದವು. ಎಷ್ಟು ಹುಡುಕಿದರೂ ರೋಗಾಣುವಾಗಲಿ, ಕಣ್ಣಿಗೆ ಕಾಣುವ ಬೇರೆ ಪರೋಪಜೀವಿಯಾಗಲಿ ಸಿಕ್ಕಲಿಲ್ಲ. ಹೀಗಿರುವಲ್ಲಿ ಒಂದು ದಿನ ರೋಗವೇ ಮಾಯವಾಯಿತು. ಕುಂಟುತ್ತಿದ್ದವು ಗುಣವಾದವು, ಹೊಸತಾಗಿ ಯಾವುದೂ ಬೀಳಲಿಲ್ಲ.

ಬೇರೊಬ್ಬನಾಗಿದ್ದರೆ ಪೀಡೆ ತೊಲಗಿತೆಂದು ಹೊಸ ಕೋಳಿಗಳನ್ನು ಕೊಂಡು ಕೆಲಸವನ್ನು ಮುಂದುವರಿಸುತ್ತಿದ್ದನು. ಐಕ್ಮನ್ನನು ಮಾತ್ರ ಆಳನ್ನು ಕರೆದು, ಗೂಡಿನಲ್ಲಿ ಏನು ಬದಲಾಗಿದೆಯೆಂದು ವಿಚಾರಿಸಿದನು. ಆಗ ಹೊರಬಿದ್ದ ಸಂಗತಿ ನಗುವಂಥದು. ಕೋಳಿಗಳನ್ನು ನೋಡಿಕೊಳ್ಳುತ್ತಿದ್ದವನು ಖರ್ಚು ಉಳಿಸಲೆಂದು ಆಸ್ಪತ್ರೆಯ ಅಡಿಗೆಮನೆಯಲ್ಲಿ ಮಿಕ್ಕ ಅನ್ನವನ್ನು ತಂದು ಹಾಕುತ್ತಿದ್ದನಂತೆ. ಅದು ಸೈನಿಕರಿಗೆಂದು ಗಿರಣಿಯಲ್ಲಿ ನಯಗೊಳಿಸಿದ ಬಿಳಿಯ ಅಕ್ಕಿಯ ಅನ್ನ. ಅಷ್ಟರಲ್ಲಿ ಹಳೆಯ ಅಡಿಗೆಯವನು ಹೋಗಿ ಹೊಸಬನು ಬಂದನು. ಸೈನ್ಯದ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡುವುದು ಸಲ್ಲದೆಂದು ಆ ಕಟ್ಟುನಿಟ್ಟಿನ ಮನುಷ್ಯನು ನಿರಾಕರಿಸಿದನು. ಕೋಳಿಗಳು ಮತ್ತೆ ತವುಡಿನ ಪೊರೆಯಿದ್ದ ಕೆಂಪಕ್ಕಿಗೆ ಹಿಂದಿರುಗಿದವು. ಐಕ್ಮನ್ನನು ತಾರೀಖುಗಳನ್ನು ಕೂಡಿಸಿ ನೋಡಿದನು. ಬಿಳಿಯ ಅನ್ನ ಮೊದಲಾದುದು ಜೂನ್ 17ರಂದು, ರೋಗ ಕಂಡುದು ಜುಲೈ 10ರಂದು. ಬಿಳಿಯ ಅನ್ನ ನಿಂತುದು ನವೆಂಬರ್ 27ರಂದು, ರೋಗ ಅಡಗಿದುದು ಅದೇ ತಿಂಗಳ ಕಡೆಯ ದಿನಗಳಲ್ಲಿ.

ಇದನ್ನು ಬರಿಯ ಅದೃಷ್ಟವೆನ್ನುವವರಿದ್ದಾರೆ. ನಾವು ಒಪ್ಪೆವು. ಅಡಿಗೆಯವನು ಬದಲಾದುದು ಅದೃಷ್ಟವಿರಬಹುದು. ಆದರೆ ಆ ಬಳಿಕ ವರ್ಷಗಟ್ಟಲೆ ಕೋಳಿಗಳಿಗೆ ಅನ್ನ ಹಾಕಿ ಲೆಕ್ಕ ಬರೆದುದು ಅದೃಷ್ಟವಲ್ಲ. ಅಕ್ಕಿ ಬೆಂದದ್ದಾದರೂ ಹಸಿಯಾದರೂ ಫಲ ಒಂದೇ ಎಂದು ಕಂಡನು. ಉಮಿಯನ್ನು ಮಾತ್ರ ತೆಗೆದು ಒಳಗಿನ ತೆಳುಪೊರೆಯನ್ನು ಉಳಿಸಿದ ಅಕ್ಕಿಯನ್ನು ತಿಂದ ಕೋಳಿಗಳು ಗಟ್ಟಿಮುಟ್ಟಾಗಿದ್ದವು. ಪೊರೆಯನ್ನೂ ತಿಕ್ಕಿ ತೆಗೆದುದನ್ನು ತಿಂದವು ಮೂರು ನಾಲ್ಕು ವಾರಗಳಲ್ಲಿ ಬಿದ್ದವು. ಬಿದ್ದ ಕೋಳಿಗೆ ತವುಡನ್ನು ಕೊಟ್ಟರೆ ಎದ್ದಿತು. ಸಬ್ಬಕ್ಕಿ, ಮರಗೆಣಸಿನ ಹಿಟ್ಟು ಇವುಗಳನ್ನೇ ಕೊಟ್ಟಾಗಲೂ ಅದೇ ರೋಗ ಬಂದಿತು. ನಮ್ಮ ಮನೆಗಳಲ್ಲಿ ಹಸುವಿನ ಬಾನಿಗೂ ಕೋಳಿಯ ತಟ್ಟೆಗೂ ಹೋಗುವ ತವುಡಿನಲ್ಲಿ, ರಾಜವೈದ್ಯರಿಗೂ ಸಿಕ್ಕದ ಮದ್ದೊಂದು ಅಡಗಿದ್ದಿತು.

ಕೋಳಿಯ ಮಾತು ಮನುಷ್ಯನಿಗೆ ಹೊಂದುವುದೇ? ಈ ಪ್ರಶ್ನೆಗೆ ಉತ್ತರ ಸೆರೆಮನೆಗಳಲ್ಲಿದ್ದಿತು. ಜಾವಾದ ಸೆರೆಮನೆಗಳಲ್ಲಿ ಆಯಾ ಸೀಮೆಯ ರೂಢಿಯಂತೆ ಕೆಲವೆಡೆ ಬಿಳಿಯ ಅಕ್ಕಿ, ಕೆಲವೆಡೆ ಕೆಂಪಕ್ಕಿ, ಕೆಲವೆಡೆ ಎರಡನ್ನೂ ಬೆರೆಸಿದ್ದು ಬಳಕೆಯಲ್ಲಿದ್ದಿತು. ಐಕ್ಮನ್ನನಿಂದ ವಿಷಯವನ್ನು ತಿಳಿದ ಆರೋಗ್ಯಾಧಿಕಾರಿ ವಾರ್ಡರ್‌ಮನ್ ಎಂಬವನು 101 ಸೆರೆಮನೆಗಳ ವಿವರವನ್ನು ಸಂಗ್ರಹಿಸಿದನು. ಬಿಳಿಯ ಅಕ್ಕಿಯ 51 ಸೆರೆಮನೆಗಳಲ್ಲಿ 36ರಲ್ಲಿ ಬೆರಿಬೆರಿ ಇದ್ದಿತು. ಕೆಂಪಕ್ಕಿಯ 37ರಲ್ಲಿ ಒಂದೇ ಒಂದರಲ್ಲಿ. ಕಟ್ಟಡ ಹಳೆಯದೇ ಹೊಸದೇ, ನೆಲ ಎಂಥದು, ಗಾಳಿ ಆಡುವುದೇ, ಜನ ಕಿಕ್ಕಿರಿದಿರುವರೇ ಎಂದೆಲ್ಲ ನೋಡಿದರೂ ಅವುಗಳಿಗೂ ರೋಗಕ್ಕೂ ನಂಟು ಕಾಣಲಿಲ್ಲ. ಸಣ್ಣ ತಪ್ಪಿಗಾಗಿ ಕೆಲವು ತಿಂಗಳ ಸೆರೆಯನ್ನು ಪಡೆದ ಬಡವನು ಅಕ್ಕಿಯ ಬಣ್ಣದಿಂದಾಗಿ ಮರಣದಂಡನೆಯನ್ನೇ ಅನುಭವಿಸುತ್ತಿದ್ದನೆಂಬುದನ್ನು ನೆನೆದರೆ ಮನಸ್ಸು ಮುದುಡುತ್ತದೆ. ಉಗಿಯಂತ್ರದ ಗಿರಣಿಗಳು ಬಂದು ಬಿಳಿಯ ಅಕ್ಕಿ ಅಗ್ಗವಾದಂತೆಲ್ಲ ಈ ರೋಗ ಪೂರ್ವದೇಶಗಳಲ್ಲಿ ಹಬ್ಬುತ್ತ ನಡೆದಿದ್ದಿತು.

ವಾರ್ಡರ್‌ಮನ್ನನ ವರದಿ 1897ರಲ್ಲಿ ಹೊರಬಿದ್ದಾಗ ಐಕ್ಮನ್ನನು ಬಟೇವಿಯದಲ್ಲಿರಲಿಲ್ಲ. ದೇಹಸ್ಥಿತಿ ಕೆಟ್ಟು 1896ರ ಮಾರ್ಚ್ ತಿಂಗಳಲ್ಲಿಯೇ ಊರಿಗೆ ಮರಳಿದ್ದನು. ಅವನು ಅಲ್ಲಿಂದ ಒಯ್ದ ವಿವರಣೆಯೂ ಸರಿಯಾಗಿರಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅನ್ನದ ಪಿಷ್ಟದಿಂದ ಹೊಟ್ಟೆಯಲ್ಲಿ ಒಂದು ವಿಷ ಹುಟ್ಟುವುದೆಂದೂ, ತವುಡಿನಲ್ಲಿ ಅದರ ಪ್ರತಿವಿಷವಿರುವುದೆಂದೂ ಅವನು ಭಾವಿಸಿದ್ದನು. ಕಾಖ್‌ನ ಶಿಷ್ಯನು ರೋಗವನ್ನು ತರುವ ವಸ್ತುವೊಂದನ್ನು ಹುಡುಕಿದುದು ಸಹಜವೇ. ಒಂದು ವಸ್ತು ಇಲ್ಲದಿರುವುದರಿಂದಲೇ ರೋಗ ಬರುವುದೆಂಬುದು ಆ ಕಾಲದ ಬುದ್ಧಿಗೆ ನಿಲುಕದ ಮಾತು. ಅದನ್ನು ಸ್ಪಷ್ಟವಾಗಿ ಹೇಳಿದವನು ಅದೇ ಪ್ರಯೋಗಶಾಲೆಯಲ್ಲಿ ಐಕ್ಮನ್ನನ ಕೈಕೆಳಗಿದ್ದು, ಅವನ ತರುವಾಯ ಕೆಲಸವನ್ನು ಮುಂದುವರಿಸಿದ ಗೆರಿಟ್ ಗ್ರೈನ್ಸ್. ತವುಡಿನಲ್ಲಿಯೂ ಹೆಸರುಕಾಳಿನಲ್ಲಿಯೂ ನರಗಳಿಗೆ ಅವಶ್ಯವಾದ ಒಂದು ಪದಾರ್ಥವಿದೆ, ಅದು ತಪ್ಪಿದರೆ ನರ ಕೆಡುವುದು ಎಂದು ಅವನು 1901ರಲ್ಲಿ ಪ್ರಕಟಿಸಿದನು. ಐಕ್ಮನ್ನನು ಕೆಲವು ವರ್ಷಗಳ ಬಳಿಕ ಆ ಮತವನ್ನೇ ಒಪ್ಪಿಕೊಂಡನು. ತನ್ನ ಕೈಕೆಳಗಿದ್ದವನು ತಿದ್ದಿದುದನ್ನು ಒಪ್ಪುವುದು ನಮ್ಮಂಥ ಉಪಾಧ್ಯಾಯರಿಗೂ ಸುಲಭವಲ್ಲ.

1898ರಿಂದ ಅವನು ಯೂಟ್ರೆಕ್ಟ್ ವಿಶ್ವವಿದ್ಯಾನಿಲಯದಲ್ಲಿ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. ನೀರು ಮಲಿನವಾಗಿದೆಯೇ ಎಂದು ಪರೀಕ್ಷಿಸುವ ವಿಧಾನವೊಂದನ್ನು ರೂಪಿಸಿದನು. ಇದಕ್ಕಿಂತ ನಮಗೆ ಹೆಚ್ಚು ಪ್ರಿಯವಾದುದು ಅವನು ಜಾವಾದಲ್ಲಿದ್ದಾಗ ಮಾಡಿದ ಇನ್ನೊಂದು ಕೆಲಸ. ಉಷ್ಣದೇಶದಲ್ಲಿ ವಾಸಿಸುವ ಯುರೋಪಿಯನರ ರಕ್ತವು ನೀರಾಗುವುದೆಂದು ಆಗ ಎಲ್ಲರೂ ಹೇಳುತ್ತಿದ್ದರು. ಐಕ್ಮನ್ನನು ರಕ್ತಕಣಗಳನ್ನು ಎಣಿಸಿ, ಅಂಥದೇನೂ ಇಲ್ಲವೆಂದು ತೋರಿಸಿದನು. ಎಲ್ಲರೂ ಹೇಳುತ್ತಾರೆಂಬುದು ಅವನಿಗೆ ಸಾಲದು, ಎಣಿಸಿಯೇ ನೋಡಬೇಕು.

ಆ ಅವಶ್ಯ ಪದಾರ್ಥಗಳಿಗೆ 1912ರಲ್ಲಿ ಕ್ಯಾಸಿಮಿರ್ ಫಂಕನು ವಿಟಮಿನ್ ಎಂಬ ಹೆಸರನ್ನಿತ್ತನು. 1926ರಲ್ಲಿ ಬಟೇವಿಯದ ಅದೇ ಪ್ರಯೋಗಶಾಲೆಯಲ್ಲಿ ಯಾನ್ಸೆನ್, ಡೊನಾಟ್ ಎಂಬವರು ಮಣಗಟ್ಟಲೆ ತವುಡಿನಿಂದ ಚಿಟಿಕೆಯಷ್ಟು ಹರಳುಗಳನ್ನು ಬೇರ್ಪಡಿಸಿ, ಮುದಿ ಐಕ್ಮನ್ನನಿಗೂ ಸ್ವಲ್ಪ ಕಳುಹಿಸಿದರು. ಅವನು ಹಕ್ಕಿಗಳ ಮೇಲೆ ಪರೀಕ್ಷಿಸಿ ಅದು ದಿಟವೆಂದು ಕಂಡನು. ನಮ್ಮ ತಾಯಿಯವರ ಹೇಂಟೆಗಳನ್ನು ಎಬ್ಬಿಸಿದ ಬಿ ಒಂದು, ಎಂದರೆ ಥಯಮಿನ್, ಅದೇ ಹರಳು. ಅದರ ರಚನೆಯನ್ನು ಬಿಡಿಸಿ 1936ರಲ್ಲಿ ಕೃತಕವಾಗಿ ತಯಾರಿಸಿದ ಅಮೆರಿಕದ ರಾಬರ್ಟ್ ವಿಲಿಯಮ್ಸನು ಹುಟ್ಟಿದುದು ನಮ್ಮ ನೆಲ್ಲೂರಿನಲ್ಲಿ.

ಮುಂಬಯಿಯ ನಮ್ಮ ಮಕ್ಕಳಲ್ಲಿ ಹಲವರು ಅಜ್ಜಿಮನೆಯ ಕುಚ್ಚಲಕ್ಕಿಯ ಗಂಜಿಯನ್ನು ಕಂಡು ಮೂಗು ಮುರಿಯುವುದುಂಟು. ಭತ್ತವನ್ನು ನೆನೆಸಿ ಬೇಯಿಸುವಾಗ ಪೊರೆಯಲ್ಲಿರುವ ಈ ಜೀವಸತ್ತ್ವವು ನೀರಿನೊಡನೆ ಕಾಳಿನ ಒಳಕ್ಕೆ ಇಳಿಯುವುದರಿಂದ, ಆಮೇಲೆ ತವುಡು ಹೋದರೂ ಅದರ ಬಹುಭಾಗ ಅಕ್ಕಿಯಲ್ಲಿಯೇ ಉಳಿಯುತ್ತದೆ. ಭಾರತದಲ್ಲಿ ಬೆರಿಬೆರಿಯು ಹಸಿಯಾಗಿ ಗಿರಣಿಗೆ ಹಾಕಿದ ಬಿಳಿಯ ಅಕ್ಕಿಯನ್ನು ಉಣ್ಣುತ್ತಿದ್ದ ಉತ್ತರದ ಆಂಧ್ರ ಕರಾವಳಿಯಲ್ಲಿ ಕಂಡುಬಂದು, ಕುಚ್ಚಲಕ್ಕಿಯ ಸೀಮೆಗಳನ್ನು ಮುಟ್ಟದಿದ್ದುದಕ್ಕೆ ಇದೇ ಕಾರಣ. ಹಿಂದೆ ನಮ್ಮ ಕೋಳಿಗಳಿಗೂ ಈ ಕಾಯಿಲೆ ಇರಲಿಲ್ಲ. ಹಿತ್ತಿಲನ್ನು ಕೆದಕಿ ಹುಳುವನ್ನೂ ಸೊಪ್ಪನ್ನೂ ಹೆಕ್ಕುವ ಕೋಳಿಗೆ ಹನಿಯ ಸೀಸೆ ಬೇಕಾಗುವುದು ಅಪರೂಪ.

1929ರ ನೊಬೆಲ್ ಪಾರಿತೋಷಕವನ್ನು ಐಕ್ಮನ್ನನಿಗೂ ಇಂಗ್ಲೆಂಡಿನ ಫ್ರೆಡರಿಕ್ ಹಾಪ್‌ಕಿನ್ಸನಿಗೂ ಹಂಚಿ ಕೊಟ್ಟರು. ಅದರಲ್ಲಿ ಗ್ರೈನ್ಸನಿಗೆ ಪಾಲು ದೊರೆಯದಿದ್ದುದು ನಮಗೆ ನ್ಯಾಯವಾಗಿ ತೋರುವುದಿಲ್ಲ. ಕಾಯಿಲೆಯಿಂದ ಮಲಗಿದ್ದ ಐಕ್ಮನ್ನನು ಸ್ಟಾಕ್‌ಹೋಮಿಗೆ ಹೋಗಲಾರದಾದನು. ಅವನು ಬರೆದ ಉಪನ್ಯಾಸ ಉಳಿದಿದೆ. ಮೊಂಡು ಅಡಿಗೆಯವನ ಸಂಗತಿಯೂ ಜೂನ್ 17, ನವೆಂಬರ್ 27ರ ತಾರೀಖುಗಳೂ ಅದರಲ್ಲಿವೆ. 1930ರ ನವೆಂಬರ್ 5ರಂದು, ತನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಯೂಟ್ರೆಕ್ಟ್ ನಗರದಲ್ಲಿ ಅವನು ಕಾಲವಾದನು. ಬಟೇವಿಯದ ಪ್ರಯೋಗಶಾಲೆಗೆ 1938ರಲ್ಲಿ, ಅದರ ಐವತ್ತನೆಯ ವರ್ಷದಲ್ಲಿ, ಅವನ ಹೆಸರನ್ನಿಟ್ಟರು.