ಎರಡು ನುಡಿಗಳ ಆಚಾರ್ಯ: ಬಿ. ಎಂ. ಶ್ರೀಕಂಠಯ್ಯನವರು

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಕಚೇರಿ ಕಾರಖಾನೆಗಳಿಗೆ ನಾಡಿನ ನಾನಾ ಜಿಲ್ಲೆಗಳಿಂದ ಬರುವ ನಮ್ಮ ತರುಣ ತರುಣಿಯರನ್ನು ಒಂದು ಭಯವು ಬಾಧಿಸುತ್ತಿರುವುದು. ಕೆಲಸದಲ್ಲಿ ಯಾರಿಗೂ ಕಡಮೆಯಿಲ್ಲದವರು ಇಂಗ್ಲಿಷಿನಲ್ಲಿ ನಾಲ್ಕು ಮಾತನಾಡಬೇಕಾದೊಡನೆ ತಲೆತಗ್ಗಿಸುವರು. ಸಂಭಾಷಣೆಯ ಶಬ್ದಪಟ್ಟಿಗಳನ್ನು ಕಂಠಪಾಠ ಮಾಡುವರು. ಕನ್ನಡವನ್ನು ಮರೆತಷ್ಟೂ ಇಂಗ್ಲಿಷು ಬೇಗ ಬರುವುದೆಂದು ಅವರಿಗೆ ಬೋಧಿಸುವವರೂ ಇದ್ದಾರೆ. ಈ ಬೋಧೆ ಎಷ್ಟು ಹುಸಿಯೆಂಬುದನ್ನು ಅರಿಯಲು ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರ ಜೀವನವನ್ನು ನೋಡಬೇಕು.

ಶ್ರೀಯವರು 1884ನೆಯ ಇಸವಿ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಜನಿಸಿದರು. ಮನೆತನದ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಶ್ರೀರಂಗಪಟ್ಟಣ, ಮೈಸೂರು, ಬೆಂಗಳೂರುಗಳಲ್ಲಿ ವಿದ್ಯಾಭ್ಯಾಸ ಮಾಡಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ವಿದ್ಯಾವಂತ ಕನ್ನಡಿಗರು ತಮ್ಮತಮ್ಮಲ್ಲಿಯೂ ಇಂಗ್ಲಿಷಿನಲ್ಲಿ ಮಾತನಾಡುವುದೇ ಘನತೆಯೆಂದೆಣಿಸುತ್ತಿದ್ದ ಕಾಲವದು. ಅಂತಹ ಕಾಲದಲ್ಲಿ, 1911ರಲ್ಲಿ, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಈ ಇಂಗ್ಲಿಷ್ ಅಧ್ಯಾಪಕರು ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಕನ್ನಡದಲ್ಲಿಯೇ ಉಪನ್ಯಾಸ ಮಾಡಿದರು. ಇಂಗ್ಲಿಷನ್ನು ಬಲ್ಲವರೇ ಕನ್ನಡಕ್ಕಾಗಿ ನಿಂತಾಗ ಅದನ್ನು ಅಸಮರ್ಥರ ಕೂಗೆಂದು ತಳ್ಳಿಹಾಕುವಂತಿರಲಿಲ್ಲ.

ಅವರ ಕೃತಿಗಳಲ್ಲಿ ನಮ್ಮ ತರುಣರಿಗೆ ದೊಡ್ಡ ಪಾಠವಿದೆ. 1926ರಲ್ಲಿ ಹೊರಬಂದ ಇಂಗ್ಲಿಷ್ ಗೀತಗಳಲ್ಲಿ ವರ್ಡ್ಸ್‌ವರ್ತ್, ಷೆಲ್ಲಿ, ಬರ್ನ್ಸ್ ಮೊದಲಾದವರ ಕವಿತೆಗಳು ಕನ್ನಡದ ಲಯದಲ್ಲಿ ಹಾಡಿದವು. ನ್ಯೂಮನ್ನರ ಪ್ರಾರ್ಥನೆಯನ್ನಂತೂ ಜನರು ಅನುವಾದವೆಂಬುದನ್ನೇ ಮರೆತು ಹಾಡುವರು. ಗ್ರೀಕ್ ಕವಿ ಸೊಫೋಕ್ಲಿಸನ ಅಯಾಸ್ ನಾಟಕವನ್ನು ತರುವಾಗ ಅವರು ಆ ವೀರನ ದುಃಖವನ್ನು ನಮ್ಮ ಮಹಾಭಾರತದ ಅಶ್ವತ್ಥಾಮನಲ್ಲಿ ಕಂಡು 1929ರಲ್ಲಿ ಅಶ್ವತ್ಥಾಮನ್ ಎಂಬ ನಾಟಕವನ್ನೇ ರಚಿಸಿದರು. ಶಬ್ದಕ್ಕೆ ಶಬ್ದವನ್ನು ಕೂಡಿಸುತ್ತ ಹೋದವರಲ್ಲ. ಭಾವವನ್ನು ಹಿಡಿದು, ಆ ನುಡಿಯ ಜಾಡಿನಲ್ಲಿ ಹೇಳಿದವರು.

ಸಂಭಾಷಣೆಗೂ ಇದೇ ಮಾರ್ಗ. ಕನ್ನಡದಲ್ಲಿ ಹಿರಿಯರಿಗೆ ಕೊಡಿ, ಬನ್ನಿ ಎಂದರೆ ಸಾಕು. ವಿನಯವು ಕ್ರಿಯಾಪದದ ಪ್ರತ್ಯಯದಲ್ಲಿಯೇ ಅಡಗಿರುವುದು. ಇಂಗ್ಲಿಷಿನಲ್ಲಿ ಆ ಪ್ರತ್ಯಯವಿಲ್ಲ. ಪ್ಲೀಸ್ ಎಂಬಂತಹ ಮಾತನ್ನು ಬೇರೆಯಾಗಿ ಸೇರಿಸಬೇಕು. ಇದನ್ನರಿಯದೆ ಕೊಡಿ ಎಂಬುದನ್ನು ಹಾಗೆಯೇ ತಿರುಗಿಸಿದವನು, ಮರ್ಯಾದಸ್ಥನಾಗಿದ್ದರೂ ಒರಟನಂತೆ ತೋರುವನು. ಊಟವಾಯಿತೇ ಎಂಬ ನಮ್ಮ ಕುಶಲಪ್ರಶ್ನೆಯನ್ನು ಅಕ್ಷರಶಃ ಕೇಳಿದರೆ ಪರದೇಶದವನು ತನ್ನನ್ನು ಊಟಕ್ಕೆ ಕರೆಯುತ್ತಿರುವರೆಂದು ಭಾವಿಸಿಯಾನು. ತನ್ನ ನುಡಿಯ ಮರ್ಮವನ್ನು ತಿಳಿದವನಿಗೇ ಪರನುಡಿಯ ಮರ್ಮವೂ ಬೇಗ ತಿಳಿಯುವುದು.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1927ರಲ್ಲಿ ಕನ್ನಡ ಎಂ. ಎ. ತರಗತಿಯು ಆರಂಭವಾಗುವುದಕ್ಕೆ ಶ್ರಮಿಸಿದವರಲ್ಲಿ ಶ್ರೀಯವರು ಮುಖ್ಯರು. 1928ರಲ್ಲಿ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರ್ಗಿಯಲ್ಲಿ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರಾದರು. ನಿವೃತ್ತರಾದ ಮೇಲೂ ವಿಶ್ರಾಂತಿಯನ್ನು ಬಯಸದೆ, ಮೊದಲು ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ, ಬಳಿಕ ಧಾರವಾಡದ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿ ದುಡಿದರು. 1946ನೆಯ ಇಸವಿ ಜನವರಿ 5ರಂದು ಧಾರವಾಡದಲ್ಲಿಯೇ ದೇಹವನ್ನು ಬಿಟ್ಟರು. ಅವರು ದುಡಿದ ಇಂಗ್ಲಿಷ್-ಕನ್ನಡ ನಿಘಂಟು ಅದೇ ವರ್ಷದಲ್ಲಿ ಪ್ರಕಟವಾಯಿತು.

ಹೊಟ್ಟೆಪಾಡಿಗೆ ಇಂಗ್ಲಿಷು ಬೇಕಾದವರನ್ನು ನಾವು ಹಳಿಯಲಾರೆವು. ಅದನ್ನು ಚೆನ್ನಾಗಿ ಕಲಿಯಲಿ. ಕಲಿಸುವವರು ಕನ್ನಡದ ವಾಕ್ಯದಿಂದಲೇ ಪಾಠವನ್ನು ಆರಂಭಿಸಲಿ. ಮೇಲಧಿಕಾರಿಗಳಾದ ಕನ್ನಡಿಗರು, ಹೊಸಬನೊಬ್ಬನು ತಡವರಿಸಿದಾಗ ನಗದೆ, ಅವನ ಸಂಗಡ ಎರಡು ಮಾತು ಕನ್ನಡದಲ್ಲಾಡಿ ಧೈರ್ಯ ತುಂಬಲಿ. ಇಂಗ್ಲಿಷಿನ ಪ್ರಾಧ್ಯಾಪಕರಿಗೆ ಅವಮಾನವೆನಿಸದ ಕನ್ನಡವು ಇಂದಿನ ಕಚೇರಿಯವರಿಗೆ ಅವಮಾನವೆನಿಸಲು ಕಾರಣವೇನಿದೆ?